ಗರಡಿಮನೆಯ ಹೊಸಬ: ಆಚರಣೆಯೊಳಗಿನ ರಕ್ಷಣಾಕ್ರಮ

ಕರ್ನಾಟಕದ ಗರಡಿಮನೆಗಳನ್ನು ಕುರಿತ ಬರವಣಿಗೆಯಲ್ಲಿ ಹೆಸರಾಂತ ಪೈಲ್ವಾನರ ಗೆಲುವಿಗೆ, ದಸರೆಯ ಕುಸ್ತಿಗೆ, ಅರಮನೆಯ ಆಶ್ರಯಕ್ಕೆ ದೊರೆತಷ್ಟು ಸ್ಥಳ ಮೊದಲ ದಿನ ಮಟ್ಟಿಗಿಳಿಯುವ ಹುಡುಗನಿಗೆ ದೊರೆತಿಲ್ಲ. ಬೀಳುವ ಬಗೆಯನ್ನೇ ಅರಿಯದ ಆತ ಅಂಗೈಯೂರಿ ಬೀಳುತ್ತಾನೆ. ಮೈಯ ಭಾರವೆಲ್ಲ ಮಣಿಕಟ್ಟು, ಮೊಣಕೈ, ಭುಜಗಳ ಮೇಲೆ ಎರಗುತ್ತದೆ. ಈ ಹೊಸಬನನ್ನು ಕಾಯುವ ಕ್ರಮವೊಂದು ಗರಡಿಯಲ್ಲಿದೆ. ಅದು ಪೂಜೆ, ಸೇವೆ, ಗುರುಭಕ್ತಿಗಳ ರೂಪದಲ್ಲಿರುವುದರಿಂದ ನಾವು ಅದನ್ನು ನಂಬಿಕೆಯೆಂದಷ್ಟೇ ದಾಖಲಿಸುತ್ತ ಬಂದಿದ್ದೇವೆ. (ತುಳುನಾಡಿನಲ್ಲಿ ಕೋಟಿ-ಚೆನ್ನಯರ ಆರಾಧನಾ ಸ್ಥಳಗಳಾಗಿರುವ ಗರಡಿಗಳು ಇಲ್ಲಿನ ಚರ್ಚೆಯ ವ್ಯಾಪ್ತಿಗೆ ಬರುವುದಿಲ್ಲ.)

ಮಟ್ಟಿಯನ್ನೇ ನೋಡಬಹುದು. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ, ಕರ್ಪೂರ ಮೊದಲಾದವನ್ನು ಬೆರೆಸುತ್ತಾರೆ. ಪಾಕ ಊರಿಂದೂರಿಗೆ ಬೇರೆ. ನಾನು ಕಂಡ ಗರಡಿಗಳಲ್ಲಿ ಹೊಸಬನ ಮೊದಲ ಕೆಲಸ ಕುಸ್ತಿಯಲ್ಲ, ಗುದ್ದಲಿ ಹಿಡಿದು ಈ ಮಣ್ಣನ್ನು ಅಗೆಯುವುದು. ಇದನ್ನು ಹನುಮಂತನ ಸೇವೆಯೆಂದು ವಕ್ತೃಗಳು ವಿವರಿಸುತ್ತಾರೆ. ಆದರೆ ತುಳಿತಕ್ಕೆ ಗಟ್ಟಿಯಾದ ನೆಲ ಅಗೆತದಿಂದ ಸಡಿಲಗೊಂಡು ಬೀಳುವ ಮೈಯನ್ನು ತಾಳಿಕೊಳ್ಳುತ್ತದೆ. ಅಡಗಿದ ಕಲ್ಲು, ಗಾಜಿನ ಚೂರು ಕೈಗೆ ಸಿಗುತ್ತವೆ. ಅಗೆಯುವವನ ಸ್ನಾಯುಗಳು ತಾಲೀಮಿಗೆ ಮೊದಲೇ ಬಿಸಿಯೇರುತ್ತವೆ. ಅರಿಸಿನ ಬೆರೆತ ಮಾತ್ರಕ್ಕೆ ಮಣ್ಣು ನಿರ್ದೋಷಿಯಾಗುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೇ ಬದುಕುತ್ತದೆ. ಹುಳುಕಡ್ಡಿ ಮೈಯಿಂದ ಮೈಗೆ ಹರಡುತ್ತದೆ. ಚುಚ್ಚುಮದ್ದು ಹಾಕಿಸದ, ಗಾಯ ಮುಚ್ಚದ ಹುಡುಗನನ್ನು ಕಣಕ್ಕಿಳಿಸುವುದಕ್ಕೆ ಪರಂಪರೆಯ ಸಮರ್ಥನೆ ಸಲ್ಲದು.

ಎರಡನೆಯ ರಕ್ಷಣೆ ಜೋಡಿಯ ಆಯ್ಕೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗದಲ್ಲಿಯೇ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಗುಣವಾಗಿ ವಿಂಗಡಿಸಲಾಗಿದೆ. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುನ್ನ ‘ಜೋಡಿ ಕಟ್ಟುವ’ ಪದ್ಧತಿಯೂ ಇದೇ ವಿವೇಕದ್ದು. ಹೊಸಬನ ವಿಷಯದಲ್ಲಿ ವಸ್ತಾದರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಆತನನ್ನು ಮತ್ತೊಬ್ಬ ಹೊಸಬನೊಡನೆ ಬಿಡದೆ, ತನ್ನ ಬಲವನ್ನು ಹಿಡಿದಿಟ್ಟುಕೊಳ್ಳಬಲ್ಲ ಹಿರಿಯನೊಡನೆ ಬಿಡುತ್ತಾರೆ. ಪಟ್ಟು ಅರಿಯದ ಇಬ್ಬರ ಹುರುಪು ಬಲಿಷ್ಠನ ಹಿಡಿತಕ್ಕಿಂತ ಅಪಾಯಕಾರಿ. ಗದ್ದವನ್ನು ಎದೆಗೊತ್ತಿ, ಬೆನ್ನು ಬಾಗಿಸಿ, ಕೈಯೂರದೆ ಉರುಳುವುದನ್ನು ಆ ಹಿರಿಯನೇ ಕಲಿಸುತ್ತಾನೆ. ಜೆಟ್ಟಿಗಳ ವಜ್ರಮುಷ್ಟಿ ಕಾಳಗದಂತಹ ಉಗ್ರ ಕಲೆಯೂ ನೆತ್ತರು ಕಂಡೊಡನೆ ನಿಲ್ಲುತ್ತದೆಂಬುದು ಇಲ್ಲಿ ಸ್ಮರಣಾರ್ಹ.

ಆದರೆ ಈ ವ್ಯವಸ್ಥೆಯಲ್ಲಿ ಒಂದು ಬಿರುಕಿದೆ: ನೋವನ್ನು ಹೇಳಿಕೊಳ್ಳಲು ಹೊಸಬನಿಗೆ ಅವಕಾಶವಿಲ್ಲ. ಕ್ಷೇತ್ರಕಾರ್ಯದ ಮೊದಲ ವರ್ಷಗಳಲ್ಲಿ ಒಂದು ಗರಡಿಯಲ್ಲಿ, ತಡವಾಗಿ ಬಂದ ತಪ್ಪಿಗೆ ಹದಿಮೂರರ ಬಾಲಕನೊಬ್ಬನಿಗೆ ಐನೂರು ಬಸ್ಕಿಯ ಶಿಕ್ಷೆಯಾಯಿತು. ಆತ ಸೇರಿ ನಾಲ್ಕು ದಿನವಷ್ಟೇ ಆಗಿತ್ತು. ನಾನು ಟಿಪ್ಪಣಿ ಬರೆದುಕೊಳ್ಳುತ್ತ ಕುಳಿತಿದ್ದೆ, ತಡೆಯಲಿಲ್ಲ. ಮರುದಿನ ತೊಡೆಗಳು ಬಾತು, ಮೂತ್ರ ಕಂದುಬಣ್ಣಕ್ಕೆ ತಿರುಗಿತು. ಮೈ ಪಳಗುತ್ತಿದೆಯೆಂದರು ಅಲ್ಲಿನವರು. ಅತಿಶ್ರಮದಿಂದ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿದರೆ ಮೂತ್ರಪಿಂಡವೇ ಕೆಡಬಹುದೆಂದು ನನಗೆ ತಿಳಿಸಿದವರು ಆತನಿಗೆ ಚಿಕಿತ್ಸೆ ನೀಡಿದ ವೈದ್ಯರು. ಬಸ್ಕಿಯನ್ನು ದಿನಕ್ಕಿಷ್ಟೆಂದು ಏರಿಸುತ್ತ ಹೋಗಬೇಕೆಂಬ ನಿಯಮ ಅದೇ ಗರಡಿಯ ಹಿರಿಯರ ಬಾಯಲ್ಲಿತ್ತು. ಶಿಕ್ಷೆಯ ಹೊತ್ತಿನಲ್ಲಿ ಅದು ಯಾರಿಗೂ ನೆನಪಾಗಲಿಲ್ಲ.

ಹುಡುಗ ಉಳಿದ. ಎರಡು ತಿಂಗಳ ಬಳಿಕ ಮತ್ತೆ ಗರಡಿಗೆ ಬಂದ. ನಾನು ಮುಂದಿನ ಸಲ ಹೋದಾಗ ಬಾಗಿಲ ಪಕ್ಕದ ಗೋಡೆಯ ಮೇಲೆ ಹೊಸಬರ ಹೆಸರು, ಎದುರಿಗೆ ಅಂದಿನ ಬಸ್ಕಿಯ ಲೆಕ್ಕ ಸೀಮೆಸುಣ್ಣದಲ್ಲಿ ಬರೆದಿತ್ತು. ಆತನ ಹೆಸರಿನೆದುರು ಇದ್ದದ್ದು 20.