ಒಂದು ಸುರುಳಿ, ಒಂದು ಗ್ಯಾಂಗ್, ನೂರು ನಿಲಯ

ಏರಿಯಲ್‌ಗೆ ಪಕ್ಷಪಾತ ಗೊತ್ತಿಲ್ಲ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765, ನೆರೆರಾಜ್ಯಗಳ ನಿಲಯಗಳು, ಎಲ್ಲವೂ ಒಂದೇ ಗಳಿಗೆಯಲ್ಲಿ ಅದೇ ತಂತಿಗೆ ಬಂದು ಬೀಳುತ್ತವೆ. ಆದರೂ ಮೀಡಿಯಂ ವೇವ್ ರೇಡಿಯೊದ ತಿರುಗಣೆ ತಿರುವಿದರೆ ಕೇಳುವುದು ಒಂದೇ ನಿಲಯದ ವಾರ್ತೆ. ಈ ಆಯ್ಕೆಯ ಮೂಲದಲ್ಲಿರುವುದು ತಾಮ್ರದ ತಂತಿಯ ಒಂದು ಸುರುಳಿ, ಒಂದು ಕೆಪಾಸಿಟರ್, ಅವೆರಡರ ನಡುವೆ ನಡೆಯುವ ಅನುರಣನ.

ಕೆಪಾಸಿಟರ್ ತಾನು ಕೂಡಿಟ್ಟ ವಿದ್ಯುತ್ತನ್ನು ಸುರುಳಿಯೊಳಗೆ ಹರಿಸುತ್ತದೆ. ಸುರುಳಿಯದೋ ಹಟದ ಸ್ವಭಾವ: ಹರಿವು ಶುರುವಾಗುವಾಗಲೂ ಅಡ್ಡಿ, ನಿಲ್ಲುವಾಗಲೂ ಅಡ್ಡಿ. ಹೀಗಾಗಿ ಕೆಪಾಸಿಟರ್ ಬರಿದಾದ ಮೇಲೂ ಪ್ರವಾಹ ಮುಂದುವರಿದು ಅದರ ಇನ್ನೊಂದು ಬದಿಯನ್ನು ತುಂಬಿಸುತ್ತದೆ. ಅಲ್ಲಿಂದ ಮತ್ತೆ ವಾಪಸ್. ಈ ಓಡಾಟ ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ಆ ಜೋಡಿಯ ಅಳತೆಯೇ ನಿರ್ಧರಿಸುತ್ತದೆ. ಏರಿಯಲ್ ತರುವ ಕಂಪನವೂ ಅದೇ ಲೆಕ್ಕದ್ದಾದರೆ ಪ್ರತಿ ನೂಕೂ ಹೊತ್ತಿಗೆ ಸರಿಯಾಗಿ ಬಿದ್ದು ಓಡಾಟ ಬಲಿಯುತ್ತದೆ. ತಂತಿಯ ರೋಧ ನುಂಗುವ ಶಕ್ತಿ ಒಳಬರುವ ಶಕ್ತಿಗೆ ಸಮವಾದಾಗ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಲೆಕ್ಕ ತಪ್ಪಿದ ನಿಲಯದ ನೂಕುಗಳಲ್ಲಿ ಮೊದಲಿನವು ಮಾಡಿದ್ದನ್ನು ನಂತರದವು ಅಳಿಸಿಹಾಕುತ್ತವೆ.

200 ಮೈಕ್ರೊಹೆನ್ರಿಯ ಸುರುಳಿಯೊಂದನ್ನು ತೆಗೆದುಕೊಳ್ಳಿ. ಕೆಪಾಸಿಟರ್ ಸುಮಾರು 338 ಪಿಕೊಫ್ಯಾರಡ್ ಇದ್ದಾಗ ಬೆಂಗಳೂರು, 216ಕ್ಕೆ ಇಳಿದರೆ ಧಾರವಾಡ. ರಿಪೇರಿಯವರು ಗ್ಯಾಂಗ್ ಎನ್ನುವ ಭಾಗದಲ್ಲಿ ಲೋಹದ ಎಲೆಗಳು ಒಂದರ ನಡುವೆ ಒಂದು ಸರಿದು ಮಾಡುವ ಕೆಲಸ ಇಷ್ಟೇ. ಕಂಪನಾಂಕ ದುಪ್ಪಟ್ಟಾಗಬೇಕಾದರೆ ಕೆಪಾಸಿಟರ್ ಕಾಲುಭಾಗಕ್ಕೆ ಇಳಿಯಬೇಕು. ಅರ್ಧವೃತ್ತದ ಎಲೆಗಳಿದ್ದ ಹಳೆಯ ಸೆಟ್ಟುಗಳಲ್ಲಿ ಮೇಲಿನ ಕಂಪನಾಂಕದ ನಿಲಯಗಳು ಒತ್ತೊತ್ತಾಗಿ ಕೂತು ಕೇಳುಗರ ತಾಳ್ಮೆ ಕೆಡಿಸುತ್ತಿದ್ದುದು ಇದರಿಂದಲೇ.

ಇಂಗ್ಲೆಂಡಿನ ಆಲಿವರ್ ಲಾಡ್ಜ್ 1889ರಲ್ಲೇ ಎರಡು ಲೇಡನ್ ಜಾಡಿಗಳಿಗೆ ತಂತಿಯ ಸುತ್ತು ಜೋಡಿಸಿ, ಒಂದರಲ್ಲಿ ಕಿಡಿ ಹಾರಿದರೆ ಇನ್ನೊಂದರಲ್ಲೂ ಹಾರುವುದನ್ನು ತೋರಿಸಿದ್ದರು. ಸುತ್ತಿನ ಅಳತೆ ಹೊಂದಿದರೆ ಮಾತ್ರ. 1900ರಲ್ಲಿ ಮಾರ್ಕೋನಿ ಇಂಥದೇ ಶ್ರುತಿ ಹೊಂದಿಸುವ ಪದ್ಧತಿಗೆ 7777ನೇ ಪೇಟೆಂಟ್ ಪಡೆದರು. ತಮ್ಮ ಸಂದೇಶಕ್ಕೆ ಇನ್ನು ಯಾರೂ ಅಡ್ಡ ಬರಲಾರರು ಎಂಬ ಭರವಸೆ ಅವರದು.

ಆ ಭರವಸೆಗೆ 1903ರ ಜೂನ್‌ನಲ್ಲಿ ಪೆಟ್ಟು ಬಿತ್ತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಾರ್ಕೋನಿಯ ಸಲಹೆಗಾರ, ವಿಜ್ಞಾನಿ ಫ್ಲೆಮಿಂಗ್ ಅವರ ಉಪನ್ಯಾಸ ನಡೆದಿತ್ತು. ಕಾರ್ನ್‌ವಾಲ್‌ನಿಂದ ಮಾರ್ಕೋನಿಯ ಸಂದೇಶ ಬರಬೇಕಿತ್ತು. ಅದಕ್ಕೂ ಮುಂಚೆ ಯಂತ್ರ ‘ಇಲಿಗಳು, ಇಲಿಗಳು’ ಎಂದು ಮೋರ್ಸ್‌ನಲ್ಲಿ ಟಕಟಕಿಸತೊಡಗಿತು. ಜಾದೂಗಾರ ನೆವಿಲ್ ಮ್ಯಾಸ್ಕೆಲಿನ್ ಹತ್ತಿರದಲ್ಲೇ ಕೂತು ಯಾವ ಶ್ರುತಿಯೂ ಇಲ್ಲದ ಒರಟು ಕಿಡಿ ಹಾರಿಸುತ್ತಿದ್ದರು. ಅಂಥ ಕಿಡಿಯಲ್ಲಿ ಹರಡಿಕೊಂಡ ಅನೇಕ ಕಂಪನಾಂಕಗಳಿರುತ್ತವೆ. ಸುರುಳಿ-ಕೆಪಾಸಿಟರ್ ಜೋಡಿಯ ಮಂಡಲ ತನ್ನ ಪಾಲನ್ನು ಅದರಿಂದಲೂ ಹೆಕ್ಕಿಕೊಂಡಿತು. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದೊಡನೆ ರೇಡಿಯೊ ಚರಚರ ಎನ್ನುವುದೂ ಹೀಗೆಯೇ: ಮೋಟಾರಿನ ಕಾರ್ಬನ್ ಬ್ರಷ್ ಹಾರಿಸುವ ಕಿಡಿಯಲ್ಲಿ 612ರ ಪಾಲೂ ಇದೆ, 765ರ ಪಾಲೂ ಇದೆ.