ದೂರ ನಿಂತು ತೆಗೆದ ಹತ್ತಿರದ ಮುಖ

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಫೋಟೋ ಹುಡುಕುವ ಪರದಾಟ ನಿಮ್ಮ ಮನೆಯಲ್ಲೂ ಆಗಿರಬೇಕಲ್ಲವೇ? ಮೂರು ವರ್ಷದ ಹಿಂದೆ ನಮ್ಮ ಮಾವನವರು ಹೋದಾಗ ನಮಗೂ ಅದೇ ಗತಿಯಾಯಿತು. ಮದುವೆ, ಸೀಮಂತಗಳ ಆಲ್ಬಮ್ಮುಗಳನ್ನೆಲ್ಲ ತಿರುವಿ ಹಾಕಿದೆವು. ಎಲ್ಲದರಲ್ಲೂ ಅವರು ಗುಂಪಿನ ಹಿಂದೆ, ಅರ್ಧ ಮುಖ. ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದೆವು. ಸದಾ ನಗುನಗುತ್ತಿದ್ದ ಮನುಷ್ಯ ಈಗ ಗೋಡೆಯ ಮೇಲೆ ಪೊಲೀಸ್ ಠಾಣೆಗೆ ಕರೆಸಿದವರ ಹಾಗೆ ಕೂತಿದ್ದಾರೆ!

ಅತ್ತೆಯವರದಾದರೂ ಒಂದು ಒಳ್ಳೆಯ ಫೋಟೋ ಇರಲಿ ಎಂದು ಅಂದೇ ಮನಸ್ಸು ಮಾಡಿದೆ. ಆದರೆ ಅವರೆದುರು ಮೊಬೈಲ್ ಹಿಡಿದರೆ ಸಾಕು, ಸೆರಗು ತಲೆಯ ಮೇಲೆ ಬರುತ್ತದೆ, ತುಟಿ ಬಿಗಿಯುತ್ತದೆ, ಕಣ್ಣು ನೆಟ್ಟಗಾಗುತ್ತದೆ. ಇದಕ್ಕೆ ಉಪಾಯ ಸಿಕ್ಕಿದ್ದು ತವರುಮನೆಯ ಹಳೇ ಟ್ರಂಕಿನಲ್ಲಿ.

ಫೋಟೋ ಹುಚ್ಚಿದ್ದ ನನ್ನ ಸೋದರಮಾವ ಮುಂಬಯಿಯಿಂದ ತಂದಿದ್ದ ಲೆನ್ಸು ಅದು. ಟ್ಯಾಮ್ರಾನ್ ಎಂಬ ಜಪಾನೀ ಕಂಪನಿ 1979ರಲ್ಲಿ ಹೊರತಂದ 500 ಮಿಲಿಮೀಟರಿನ ಕನ್ನಡಿ ಲೆನ್ಸು. ತೂಕ ಸುಮಾರು 600 ಗ್ರಾಂ, ಉದ್ದ ಅಂಗೈಯಷ್ಟು. ಅಷ್ಟು ದೂರದ್ದನ್ನು ಎಳೆದು ತೋರಿಸಲು ಬರೀ ಗಾಜಿನ ಲೆನ್ಸಾದರೆ ಮೊಳದುದ್ದದ ಕೊಳವೆ ಬೇಕು. ಇದು ಇಷ್ಟು ಗಿಡ್ಡ ಯಾಕೆ? ಆರು ಗಜದ ಸೀರೆಯನ್ನು ಮಡಚಿ ಪೆಟ್ಟಿಗೆಯಲ್ಲಿ ಇಡುವುದಿಲ್ಲವೇ, ಹಾಗೆಯೇ ಇಲ್ಲಿ ಬೆಳಕನ್ನು ಮಡಚಿದ್ದಾರೆ! ಒಳಬಂದ ಬೆಳಕು ಹಿಂದಿನ ದೊಡ್ಡ ಕನ್ನಡಿಗೆ ಬಡಿದು ಮುಂದಕ್ಕೆ ಹೋಗುತ್ತದೆ. ಅಲ್ಲಿ ನಡುವೆ ಇರುವ ಪುಟ್ಟ ಕನ್ನಡಿಗೆ ತಾಗಿ ಮತ್ತೆ ಹಿಂತಿರುಗಿ, ದೊಡ್ಡ ಕನ್ನಡಿಯ ನಡುವಿನ ತೂತಿನಿಂದ ಕ್ಯಾಮೆರಾ ಸೇರುತ್ತದೆ. ಕನ್ನಡಿಯ ದೂರದರ್ಶಕವನ್ನು ನ್ಯೂಟನ್ 1668ರಲ್ಲೇ ಮಾಡಿದ್ದ. 1986ರಲ್ಲಿ ತಮಿಳುನಾಡಿನ ಕಾವಲೂರಿನಲ್ಲಿ ನಕ್ಷತ್ರ ನೋಡಲು ನಿಲ್ಲಿಸಿದ ವೇಣು ಬಾಪ್ಪು ದೂರದರ್ಶಕದಲ್ಲೂ ಇಂಥದೇ ಕನ್ನಡಿ, ಎರಡೂಕಾಲು ಮೀಟರಿಗಿಂತ ಅಗಲದ್ದು. ನಮ್ಮದು ಅದರ ಮರಿ ಮೊಮ್ಮಗಳು ಅನ್ನಿ!

ಮಗನ ಡಿಜಿಟಲ್ ಕ್ಯಾಮೆರಾಕ್ಕೆ ಬಳೆಯಂಥ ಅಡಾಪ್ಟರ್ ಹಾಕಿ ಇದನ್ನು ಕೂಡಿಸಿದೆವು. ಮೊದಲ ದಿನದ ಫೋಟೋಗಳನ್ನು ನೋಡಿ ಅಳು ಬಂತು. ಎಲ್ಲ ಅಲುಗಿ ಮಜ್ಜಿಗೆಯಾಗಿದ್ದವು. ದೂರದ್ದನ್ನು ಹಿಗ್ಗಿಸುವ ಲೆನ್ಸು ನಮ್ಮ ಕೈಯ ನಡುಕವನ್ನೂ ಹಿಗ್ಗಿಸುತ್ತದೆ ಎಂದು ಆಮೇಲೆ ತಿಳಿಯಿತು. ಇದರ ಕಿಂಡಿಯನ್ನು ಹಿರಿದು-ಕಿರಿದು ಮಾಡಲೂ ಬರುವುದಿಲ್ಲ. ಎಫ್ 8 ಒಂದೇ. ಆದ್ದರಿಂದ ಒಳ್ಳೆಯ ಬಿಸಿಲು ಬೇಕು. ಷಟರ್ ವೇಗ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಬೆಳಕು ಸಾಲದಿದ್ದರೆ ಐಎಸ್ಒ ಏರಿಸಿರಿ. ಮೊಣಕೈ ಗೋಡೆಗೆ ಆನಿಸಿ, ಅಥವಾ ಬಟ್ಟೆಯ ಚೀಲದಲ್ಲಿ ಜೋಳ ತುಂಬಿ ಅದರ ಮೇಲೆ ಲೆನ್ಸು ಊರಿರಿ. ನಮ್ಮ ಮುಂಡರಗಿಯ ಬೇಸಿಗೆಯ ಮಧ್ಯಾಹ್ನ ನೆಲದಿಂದ ಏಳುವ ಝಳಕ್ಕೆ ದೂರದ ಚಿತ್ರ ಕುದಿಯುವ ಎಸರಿನ ಹಾಗೆ ಅಲೆಯುತ್ತದೆ. ಬೆಳಿಗ್ಗೆ ಹತ್ತರ ಒಳಗೆ, ಸಂಜೆ ನಾಲ್ಕರ ನಂತರವೇ ಒಳ್ಳೆಯದು.

ಇನ್ನೊಂದು ತಮಾಷೆ ಕೇಳಿ. ಹಿನ್ನೆಲೆಯಲ್ಲಿ ಎಲೆಗಳ ನಡುವಿನ ಬೆಳಕೋ ನೀರಿನ ಹೊಳಪೋ ಇದ್ದರೆ ಅದು ಚುಕ್ಕೆಯಾಗಿ ಕಾಣದೆ ಕೋಡುಬಳೆಯಾಗಿ ಕಾಣುತ್ತದೆ! ನಡುವಿನ ಪುಟ್ಟ ಕನ್ನಡಿ ಬೆಳಕಿಗೆ ಅಡ್ಡ ನಿಲ್ಲುವುದರಿಂದ ಹೀಗೆ. ಕೋಡುಬಳೆ ಬೇಡವಾದರೆ ಮಣ್ಣಿನ ಗೋಡೆಯಂಥ ಸಾದಾ ಹಿನ್ನೆಲೆ ಆರಿಸಿಕೊಳ್ಳಿ.

ಡಿಸೆಂಬರಿನಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿದ್ದೆವು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಕಳೆಯುವುದು ಅಲ್ಲಿ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಮೊಬೈಲ್ ಹಿಡಿದು ಹತ್ತಿರ ಹೋದವರಿಗೆ ಹಕ್ಕಿಗಳ ಬೆನ್ನು ಮಾತ್ರ ಸಿಕ್ಕಿತು. ನಾವು ದಂಡೆಯ ಮೇಲೇ ಕೂತೆವು. ಹಕ್ಕಿಗಳೂ ಕೂತವು.

ದೂರ ಇದ್ದರೆ ಯಾರಿಗೂ ತೊಂದರೆ ಇಲ್ಲ ಅಂದುಕೊಂಡೆ. ತಪ್ಪು ತಿಳಿದಿದ್ದು ಸಿಂಗಟಾಲೂರಿನಲ್ಲಿ. ವೀರಭದ್ರೇಶ್ವರನ ದರ್ಶನ ಮುಗಿಸಿ ತುಂಗಭದ್ರೆಯ ಕಡೆ ಹೋದಾಗ, ಬಟ್ಟೆ ಒಗೆಯುತ್ತಿದ್ದ ಹೆಂಗಸರ ಫೋಟೋ ದೂರದಿಂದ ತೆಗೆದೆ. ಅವರಲ್ಲೊಬ್ಬಾಕೆ ಸೀದಾ ಮೇಲೆ ಬಂದಳು.

"ಯಾಕ್ರೀ ಅಕ್ಕಾರ, ಅಷ್ಟ ದೂರ ನಿಂತು ನಮ್ಮ ಫೋಟೋ ಹೊಡಿಯಾಕತ್ತೀರಿ? ಸನೇ ಬಂದು ಕೇಳಿದ್ರ ನಾವೇನ್ ತಿಂದುಬಿಡ್ತಿದ್ವೇನು?"

ನನ್ನ ಮುಖ ಕೆಂಪಾಯಿತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ದೂರದಿಂದ ನೋಡುತ್ತಿದ್ದಾರೆ ಎಂದು ಗೊತ್ತಾದಾಗ ನಮಗೆ ಹೇಗಾಗುತ್ತದೆ, ಹೇಳಿ? ಆ ಕೆಲಸವನ್ನೇ ನಾನು ಮಾಡಿದ್ದೆ. ಆಕೆಯ ಎದುರೇ ಎಲ್ಲ ಅಳಿಸಿ, ತಪ್ಪಾಯಿತು ಅಂದೆ. "ಇರ್ಲಿ ಬಿಡ್ರಿ" ಅಂದು ಆಕೆ ಬಟ್ಟೆ ಹಿಂಡಲು ಇಳಿದಳು. ಅಂದಿನಿಂದ ನನ್ನ ನಿಯಮ ಒಂದೇ: ಮೊದಲು ಹತ್ತಿರ ಹೋಗಿ ಕೇಳುವುದು, ಆಮೇಲೆ ದೂರ ಹೋಗುವುದು.

ಅತ್ತೆಯವರಿಗೂ ಹಾಗೇ ಮಾಡಿದೆ. ಬೆಳಿಗ್ಗೆ ಚಹಾ ಕೊಡುವಾಗ, "ಅತ್ತೀ, ಇವತ್ತ ಯಾವಾಗರ ನಿಮ್ಮ ಫೋಟೋ ತಗೀತೀನ್ರಿ" ಅಂದೆ. "ತಗಿಯವಾ, ಮುದುಕಿ ಫೋಟೋ ಯಾರಿಗೆ ಬೇಕಾಗೇತಿ" ಅಂದರು. ಹತ್ತು ನಿಮಿಷ ಸೆರಗು ಸರಿಮಾಡಿಕೊಂಡರು, ಆಮೇಲೆ ಮರೆತರು. ಒಂಬತ್ತಕ್ಕೆ ಹಿತ್ತಲಿನಲ್ಲಿ ಮೊರದೊಳಗೆ ಜೋಳ ಹಸನು ಮಾಡುತ್ತ, ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದರು. ಅಡಿಗೆಮನೆಯ ಬಾಗಿಲಿಗೆ ಭುಜ ಆನಿಸಿ, ಮೂವತ್ತಡಿ ದೂರದಿಂದ ಎಂಟು ಫೋಟೋ ತೆಗೆದೆ. ಫೋಕಸ್ ಕೈಯಿಂದಲೇ ತಿರುಗಿಸಬೇಕಲ್ಲ, ಆರು ಮಸುಕಾದವು. ಎರಡು ಸಿಕ್ಕವು.

ಪ್ರಿಂಟು ಹಾಕಿಸಿ ಕೈಗೆ ಕೊಟ್ಟಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಕಿ ನಮ್ಮವ್ವನ ಹಂಗ ಕಾಣ್ತಾಳಲ್ಲ" ಅಂದರು. ಅವರ ತಾಯಿಯದು ಒಂದೇ ಒಂದು ಫೋಟೋ ಇರಲಿಲ್ಲವಂತೆ. ಈಗ ಆ ಪ್ರಿಂಟು ಅವರ ದಿಂಬಿನ ಕೆಳಗಿದೆ. ಗೋಡೆಗೆ ಬೇರೆಯದನ್ನು ಮಾಡಿಸಬೇಕು.

ನೆನಪಿರಲಿ: ಇಂಥ ಹಳೇ ಲೆನ್ಸು ಕೊಳ್ಳುವಾಗ ಟಾರ್ಚ್ ಬಿಟ್ಟು ನೋಡಿ, ಒಳಗೆ ಜೇಡರ ಬಲೆಯಂಥ ಬೂಷ್ಟು, ಕನ್ನಡಿಯಲ್ಲಿ ಕಲೆ ಇದ್ದರೆ ಬೇಡ. ಸೆರಗಿನಿಂದ ಒರೆಸಬೇಡಿ, ಗಾಳಿ ಊದುವ ರಬ್ಬರ್ ಬುರುಡೆ ಬಳಸಿ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಇದರಿಂದ ಸೂರ್ಯನನ್ನು ಎಂದಿಗೂ ನೋಡಬೇಡಿ, ಕಣ್ಣೇ ಹೋದೀತು.