ಡುಷೇನ್ ಸ್ನಾಯುಕ್ಷಯ: ಅರಿವು, ನೋಂದಣಿ ಹಾಗೂ ಆರ್ಥಿಕ ನೆರವು

ರೋಗದ ಸ್ವರೂಪ

ಡುಷೇನ್ ಮಸ್ಕ್ಯುಲರ್ ಡಿಸ್ಟ್ರಫಿ ಎಂಬುದು ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಶಕ್ತಿ ಕಳೆದುಕೊಳ್ಳುವ ಅನುವಂಶೀಯ ಕಾಯಿಲೆಯಾಗಿದೆ. ಸ್ನಾಯುಕೋಶಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಶರೀರದಲ್ಲಿ ಉತ್ಪತ್ತಿಯಾಗದಿರುವುದೇ ಇದಕ್ಕೆ ಕಾರಣ. ಸುಮಾರು 3,500ರಿಂದ 5,000 ಗಂಡುಶಿಶುಗಳ ಪೈಕಿ ಒಂದರಲ್ಲಿ ಇದು ಕಂಡುಬರುತ್ತದೆ, ಹೆಣ್ಣುಮಕ್ಕಳಲ್ಲಿ ವಿರಳ. ಇದು ಸಾಂಕ್ರಾಮಿಕವಲ್ಲ. ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ತಾಯಿಯು ರೋಗದ ವಾಹಕಳಾಗಿರುವುದಿಲ್ಲ. ಆದುದರಿಂದ ತಾಯಿಯನ್ನು ದೂಷಿಸುವುದು ಸರ್ವಥಾ ಸಲ್ಲದು.

ಪೋಷಕರು ಹಾಗೂ ಶಿಕ್ಷಕರು ಗಮನಿಸಬೇಕಾದ ಲಕ್ಷಣಗಳು

ಸಾಮಾನ್ಯವಾಗಿ 2ರಿಂದ 5 ವರ್ಷ ವಯಸ್ಸಿನಲ್ಲಿ ಈ ಕೆಳಕಂಡ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

1. ಮಗು ತಡವಾಗಿ ನಡೆಯುವುದು, ಪದೇ ಪದೇ ಬೀಳುವುದು.
2. ನೆಲದಿಂದ ಏಳುವಾಗ ಕೈಗಳನ್ನು ತೊಡೆಯ ಮೇಲೆ ಊರಿಕೊಂಡು ಏಳುವುದು.
3. ಮೆಟ್ಟಿಲು ಹತ್ತಲು ಕಷ್ಟಪಡುವುದು, ತುದಿಗಾಲಿನಲ್ಲಿ ನಡೆಯುವುದು.
4. ಮೀನಖಂಡಗಳು ಅಸಹಜವಾಗಿ ದಪ್ಪಗಿರುವುದು.

ಇವುಗಳನ್ನು ಸೋಮಾರಿತನವೆಂದೋ ಸಾಮಾನ್ಯ ನಿಶ್ಶಕ್ತಿಯೆಂದೋ ಭಾವಿಸಿ ಕಾಲಹರಣ ಮಾಡಬಾರದು. ರಕ್ತದಲ್ಲಿನ ಸಿ.ಕೆ. ಪ್ರಮಾಣದ ಪರೀಕ್ಷೆಯಿಂದ ರೋಗದ ಸುಳಿವು ದೊರೆಯುತ್ತದೆ. ವಂಶವಾಹಿ ಪರೀಕ್ಷೆಯಿಂದ ಖಚಿತವಾಗುತ್ತದೆ. ಚಿಕಿತ್ಸೆ ದೊರೆಯದ ಮಕ್ಕಳು ಸುಮಾರು 12ನೆಯ ವಯಸ್ಸಿನೊಳಗೆ ನಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ. ಮುಂದೆ ಹೃದಯ ಹಾಗೂ ಉಸಿರಾಟದ ಸ್ನಾಯುಗಳೂ ದುರ್ಬಲಗೊಳ್ಳುತ್ತವೆ. ರೋಗವನ್ನು ಸಂಪೂರ್ಣ ಗುಣಪಡಿಸುವ ಚಿಕಿತ್ಸೆ ಇಲ್ಲವಾದರೂ, ವೈದ್ಯರ ಸಲಹೆಯಂತೆ ನೀಡುವ ಸ್ಟೀರಾಯ್ಡ್ ಔಷಧ ಮತ್ತು ಫಿಸಿಯೋಥೆರಪಿಯಿಂದ ಮಗು ನಡೆದಾಡುವ ಅವಧಿಯನ್ನು ಹೆಚ್ಚಿಸಬಹುದಾಗಿದೆ.

ಗುರುತಿನ ಚೀಟಿ ಪಡೆಯುವ ವಿಧಾನ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಲಾದ 21 ವಿಧದ ವಿಕಲತೆಗಳಲ್ಲಿ ಸ್ನಾಯುಕ್ಷಯವೂ ಸೇರಿದೆ. ಪೋಷಕರು ಮಗುವಿನ ಭಾವಚಿತ್ರ, ಗುರುತು ಹಾಗೂ ವಿಳಾಸದ ದಾಖಲೆಗಳೊಂದಿಗೆ ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ವೈದ್ಯಕೀಯ ಪ್ರಾಧಿಕಾರದ ತಪಾಸಣೆಯ ನಂತರ ಪ್ರಮಾಣಪತ್ರ ನೀಡಲಾಗುತ್ತದೆ. ವಿಕಲತೆಯ ಪ್ರಮಾಣವು ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣಕ್ಕೆ ಮಗು ಅರ್ಹವಾಗಿರುತ್ತದೆ.

ಕಾಯಿಲೆ ಹೆಚ್ಚುತ್ತ ಹೋಗುವುದರಿಂದ ಮೊದಲ ತಪಾಸಣೆಯ ಶೇಕಡಾವಾರು ಪ್ರಮಾಣವು ಮುಂದೆ ಹೊಂದಿಕೆಯಾಗದಿರಬಹುದು. ಪ್ರಮಾಣಪತ್ರದ ಅವಧಿಯನ್ನು ಗಮನಿಸಿ ಸಕಾಲದಲ್ಲಿ ಮರುತಪಾಸಣೆಗೆ ಹಾಜರಾಗುವುದು ಅವಶ್ಯಕ.

ಚಿಕಿತ್ಸೆಗೆ ಆರ್ಥಿಕ ನೆರವು

ಕೇಂದ್ರ ಆರೋಗ್ಯ ಸಚಿವಾಲಯವು 2021ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ವಿರಳ ರೋಗಗಳ ನೀತಿಯಲ್ಲಿ ಈ ರೋಗವನ್ನು ಮೂರನೆಯ ಗುಂಪಿಗೆ ಸೇರಿಸಲಾಗಿದೆ. ಮೊದಲು ಒಂದನೆಯ ಗುಂಪಿನ ರೋಗಗಳಿಗೆ ಮಾತ್ರ ರೂ. 20 ಲಕ್ಷದವರೆಗೆ ಇದ್ದ ನೆರವನ್ನು 2022ರ ತಿದ್ದುಪಡಿಯಲ್ಲಿ ಎಲ್ಲ ಗುಂಪುಗಳಿಗೂ ವಿಸ್ತರಿಸಿ, ಗರಿಷ್ಠ ಮೊತ್ತವನ್ನು ರೂ. 50 ಲಕ್ಷಕ್ಕೆ ಏರಿಸಲಾಯಿತು. ಈ ಹಣವನ್ನು ರೋಗಿಯ ಕೈಗೆ ನೀಡದೆ ಉತ್ಕೃಷ್ಟತಾ ಕೇಂದ್ರದ ಮೂಲಕ ಚಿಕಿತ್ಸೆಗೆ ಬಳಸಲಾಗುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೊಡಗೂಡಿ, ಇಂತಹ ಒಂದು ಕೇಂದ್ರವಾಗಿದೆ. ಪೋಷಕರು ಅಲ್ಲಿ ತಪಾಸಣೆ ಹಾಗೂ ನೋಂದಣಿ ಮಾಡಿಸತಕ್ಕದ್ದು.

ದಾನಿಗಳ ಗಮನಕ್ಕೆ

ದೀರ್ಘಕಾಲದ ಚಿಕಿತ್ಸೆಗೆ ಸರ್ಕಾರದ ನೆರವೊಂದೇ ಸಾಲದಾಗುವ ಸಂದರ್ಭಗಳುಂಟು. ಇದಕ್ಕಾಗಿ 2021ರಲ್ಲಿ ವಿರಳ ರೋಗಗಳ ಸಮೂಹ ದೇಣಿಗೆಯ ಅಂತರ್ಜಾಲ ತಾಣವನ್ನು ಆರಂಭಿಸಲಾಯಿತು. ವ್ಯಕ್ತಿಗಳು ಹಾಗೂ ಕಂಪನಿಗಳು ಇದರ ಮೂಲಕ ದೇಣಿಗೆ ಸಲ್ಲಿಸಬಹುದು. ಅಪರಿಚಿತರ ಮನವಿಗೆ ಹಣ ಕಳುಹಿಸುವ ಮುನ್ನ ಆಸ್ಪತ್ರೆಯಿಂದ ಖಚಿತಪಡಿಸಿಕೊಳ್ಳುವುದು ಸೂಕ್ತ.

ಪ್ರತಿ ವರ್ಷ ಸೆಪ್ಟೆಂಬರ್ 7ರಂದು ವಿಶ್ವ ಡುಷೇನ್ ಅರಿವಿನ ದಿನವನ್ನು ಆಚರಿಸಲಾಗುತ್ತದೆ. ಡಿಸ್ಟ್ರೋಫಿನ್ ವಂಶವಾಹಿಯಲ್ಲಿ 79 ಎಕ್ಸಾನ್‌ಗಳೆಂಬ ಭಾಗಗಳಿರುವುದರಿಂದ ಒಂಬತ್ತನೆಯ ತಿಂಗಳ ಏಳನೆಯ ದಿನವನ್ನು ಆರಿಸಲಾಗಿದೆ. ಶಾಲೆ ಹಾಗೂ ಅಂಗನವಾಡಿಗಳಲ್ಲಿ ಅಂದು ಮೇಲ್ಕಂಡ ಲಕ್ಷಣಗಳನ್ನು ಪೋಷಕರಿಗೆ ತಿಳಿಸಿದಲ್ಲಿ ಅನೇಕ ಮಕ್ಕಳಿಗೆ ಅನುಕೂಲವಾಗುತ್ತದೆ.

ಹೆಚ್ಚಿನ ಮಾಹಿತಿಗಾಗಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.